ಮರಗಟ್ಟಲು ಒಪ್ಪದ ಕೆಳದವಡೆಯ ಹಲ್ಲಿನ ಕುರಿತು

(ಇಲಾಖೆಯ ಹೆಸರಿಗೆ ಮೊಹರು ನೋಡುವುದು. ಮೊಹರು ಅಸ್ಪಷ್ಟವಾಗಿದ್ದಲ್ಲಿ ಹಿಂದಿನ ಸುತ್ತೋಲೆಯ ಮೊಹರು ನೋಡುವುದು.)

ವಿಭಾಗೀಯ ಕಚೇರಿ, ಮೊದಲನೇ ಮಹಡಿ, ಸ್ಟೇಶನ್ ಬಜಾರ, ಗುಲಬರ್ಗಾ

ಸಂಖ್ಯೆ: ದಂತ/ಅರಿ/ಅಪಾಲನೆ/14/93-94
ದಿನಾಂಕ: 27-5-1993

ಸುತ್ತೋಲೆ

ವಿಷಯ: ಹಲ್ಲು ಕೀಳುವ ಮುನ್ನ ಕೊಡಲಾಗುವ ಸ್ಥಳೀಯ ಅರಿವಳಿಕೆ ಸೂಜಿಮದ್ದಿಗೆ ಕೆಲವು ಹಲ್ಲುಗಳು ಮರಗಟ್ಟದೆ ಇರುವ ಬಗ್ಗೆ ಹಾಗೂ ಒಂದು ಹಲ್ಲು ಅನುಮತಿಯಿಲ್ಲದೆ ಮರಗಟ್ಟಿರುವ ಬಗ್ಗೆ.

ಉಲ್ಲೇಖ:
1) ಶ್ರೀ ಸಾಯಬಣ್ಣ, ಸಾ. ಕಮಲಾಪುರ, ಇವರ ಕೂಗು, ದಿನಾಂಕ 11-5-1993, ಬೆಳಿಗ್ಗೆ 10.40 (ಮೌಖಿಕ).
2) ಕಮಲಾಪುರ ಘಟಕದ ದಂತವೈದ್ಯೆ ಡಾ. ಜಾಹೇದಾ ಅವರ ವಿವರಣೆ, ದಿನಾಂಕ 14-5-1993.
3) ಸದರಿ ನೋವು ಆಗಿಲ್ಲವೆಂದು ಪರಿಗಣಿಸಿದ ಈ ಕಚೇರಿಯ ಜ್ಞಾಪನ, ದಿನಾಂಕ 17-5-1993.
4) ಈ ಕಚೇರಿಯ ಅಧೀಕ್ಷಕರ ಸ್ಥಳ ತನಿಖಾ ವರದಿ.

ಪೀಠಿಕೆ

ಉಲ್ಲೇಖ (1)ರ ಕೂಗನ್ನು ಈ ಕಚೇರಿಯು ಕೂಲಂಕಷವಾಗಿ ಪರಿಶೀಲಿಸಿದೆ.

ಸದರಿ ಸಾಯಬಣ್ಣ, ವಯಸ್ಸು 52, ಇಪ್ಪತ್ತೊಂದು ವರ್ಷಗಳಿಂದ ಕಮಲಾಪುರದ ಕೆಂಪು ಬಾಳೆಯ ಹರಾಜನ್ನು, ಅಂದರೆ ಅಲ್ಲಿಯವರು ಲಿಲಾವು ಎನ್ನುವುದನ್ನು, ಕೂಗುತ್ತಾ ಬಂದವರು. ಇವರ ದನಿಯು ಗಾಳಿ ಅನುಕೂಲವಿದ್ದಲ್ಲಿ ಬಸ್ ನಿಲ್ದಾಣದವರೆಗೆ, ಗಾಳಿ ಅನುಕೂಲವಿಲ್ಲದಿದ್ದಲ್ಲಿಯೂ ಬಸ್ ನಿಲ್ದಾಣದವರೆಗೆ ಕೇಳುತ್ತದೆಂದು ವರದಿಯಾಗಿದೆ. ಮೇ ತಿಂಗಳ ಮೊದಲ ವಾರದಲ್ಲಿ ಇವರ ಎಡಬದಿಯ ಕೆಳದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿ, ಕೆನ್ನೆ ಬಾತು, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಾಯಿತು. ಕೂಗು ನಿಂತಿತು. ದಿನಾಂಕ 25ರ ದೊಡ್ಡ ಹರಾಜಿಗೆ ಸಾಯಬಣ್ಣ ಬಾಯಿ ತೆರೆಯದಿದ್ದಲ್ಲಿ ಅವರ ಜಾಗಕ್ಕೆ ಮಲ್ಲಣ್ಣ ಎಂಬುವರನ್ನು ಕಾಯಂ ಮಾಡುವುದಾಗಿ ಬಾಳೆ ವ್ಯಾಪಾರಿಗಳ ಸಂಘವು ತೀರ್ಮಾನಿಸಿತು. ಮಲ್ಲಣ್ಣನ ದನಿ ಬಾವಿಯೊಳಗಿಂದ ಕರೆದಂತೆ ಇರುತ್ತದೆ. ಆದರೆ ಹಲ್ಲುಗಳು ಗಟ್ಟಿಯಾಗಿವೆ.

ತೀರ್ಮಾನದ ಮರುದಿನ ಮಲ್ಲಣ್ಣ ಸಾಯಬಣ್ಣನ ಮನೆಯ ಮುಂದೆ ನಿಂತು, “ಸಾಯಬಣ್ಣಾ, ಇನ್ನ ನೀ ಗಂಜಿ ಕುಡ್ಕೊಂತ ಮನ್ಯಾಗ ಕೂಡಪಾ. ಇಪ್ಪತ್ತ ವರ್ಷ ಒದರೀದಿ, ಸಾಕಿಲ್ಲೇನು?” ಎಂದು ವಿಚಾರಿಸಿದ್ದಾರೆ. ತಕ್ಕ ದನಿಯಲ್ಲಿ ಉತ್ತರಿಸುವಷ್ಟು ಬಾಯಿ ತೆರೆಯಲಾಗದೆ ಸಾಯಬಣ್ಣ ಕೈಯಿಂದ ಉತ್ತರಿಸಿದರೆಂದೂ, ಆ ಉತ್ತರವನ್ನು ಕಡತದಲ್ಲಿ ನಮೂದಿಸಲು ಬರುವುದಿಲ್ಲವೆಂದೂ ಅಧೀಕ್ಷಕರು ಬರೆದಿದ್ದಾರೆ.

ದಿನಾಂಕ 11ರಂದು ಸಾಯಬಣ್ಣ ಇಲಾಖೆಯ ಕಮಲಾಪುರ ಘಟಕಕ್ಕೆ ಹಾಜರಾದರು. ನಡೆದ ಸಂಗತಿಯ ಬಗ್ಗೆ ಘಟಕದ ಆಯಾ ಅಂಬಮ್ಮ ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ಕೆಳಗೆ ನಕಲಿಸಿದೆ:

“ಡಾಕ್ಟರಬಾಯಿ ಸೂಜಿ ಮಾಡಿದ್ರು. ಆಮ್ಯಾಲ ‘ಕಾಕಾ, ತುಟಿ ದಪ್ಪ ಆಗ್ಯದೇನ್ರಿ? ಜೋಂ ಹಿಡದದೇನ್ರಿ?’ ಅಂತ ಕೇಳಿದ್ರು. ‘ಹೂಂ ಬಾಯಿಯವರ, ಆಗ್ಯದ್ರಿ’ ಅಂದ. ‘ಖರೇ ಆಗ್ಯದೇನ್ರಿ?’ ಅಂತ ಮತ್ತ ಕೇಳಿದ್ರು. ‘ನಿಮ್ಮ ಕೈಗುಣರಿ ಬಾಯಿಯವರ, ಹಲ್ಲು ಎಲ್ಲಿ ಅದ ಅನ್ನೂದ ಗೊತ್ತಾಗವಲ್ದು’ ಅಂದ. ಬಾಯಿಯವರು ಇಕ್ಕಳ ಮುಟ್ಟಿಸಿದ್ದೇ ತಡ, ಹಲ್ಲು ಎಲ್ಲಿ ಅದ ಅನ್ನೂದು ಇಡೀ ಕಮಲಾಪುರಕ್ಕ ಗೊತ್ತಾಯ್ತು ನೋಡ್ರಿ.”

ಡಾ. ಜಾಹೇದಾ ತಕ್ಷಣ ಇಕ್ಕಳ ಕೆಳಗಿಟ್ಟು ಕೆಲಸ ನಿಲ್ಲಿಸಿದ್ದಾರೆ. ಮರಗಟ್ಟದೆಯೇ ಮರಗಟ್ಟಿದೆಯೆಂದು ಹೇಳಿದ್ದೇಕೆ ಎಂಬ ಪ್ರಶ್ನೆಗೆ ಸಾಯಬಣ್ಣನಿಂದ ಉತ್ತರ ಪಡೆಯಲು, ಕೂಗಿದ ಮೇಲೆ ಇನ್ನಷ್ಟು ಬಾತಿದ್ದ ಅವರ ಕೆನ್ನೆ ಅವಕಾಶ ಕೊಡಲಿಲ್ಲ. ಹೆಂಡತಿ ಕಸ್ತೂರಿಬಾಯಿ ಅವರ ಪರವಾಗಿ ಹೇಳಿರುವುದು:

“ಅಲ್ರೀ ಸಾಹೇಬ್ರ, ಅಷ್ಟ ದೊಡ್ಡ ಡಾಕ್ಟರಬಾಯಿ ಬಗ್ಗಿ ನಿಂತು ತ್ರಾಸ ತಗೊಂಡು ಸೂಜಿ ಮಾಡ್ಯಾರ. ಆಗಿಲ್ಲ ಅಂದ್ರ ಅವರಿಗಿ ಕೆಟ್ಟ ಅನಸಂಗಿಲ್ಲೇನ್ರಿ? ಮಂದಿ ಮನ್ಯಾಗ ಚಾದಾಗ ಸಕ್ಕರಿ ಇಲ್ಲದಿದ್ರೂ ‘ಭಾಳ ಛಲೋ ಆಗ್ಯದ’ ಅನ್ನೋ ಮನಷ್ಯಾರಿ ಅವರು.”

ಅಧೀಕ್ಷಕರು ದಾಖಲೆ ತೆಗೆದು ನೋಡಲಾಗಿ, ಏಪ್ರಿಲ್ ಒಂದರಿಂದ ಹಲ್ಲು ಕೀಳಿಸಲು ಬಂದ ಇಪ್ಪತ್ತೆರಡು ಜನರ ಪೈಕಿ ಒಂಬತ್ತು ಜನ ಕೂಗಿದ್ದಾರೆ. ಆ ಒಂಬತ್ತೂ ಜನ ಕೂಗುವುದಕ್ಕೆ ಅರ್ಧ ನಿಮಿಷ ಮುಂಚೆ “ಹೂಂ, ಆಗ್ಯದ್ರಿ” ಎಂದಿದ್ದಾರೆ. ಇವರಲ್ಲಿ ಏಳು ಜನರಿಗೆ ಸೂಜಿಯ ಹೆದರಿಕೆಗಿಂತ, ವೈದ್ಯರ ಮನಸ್ಸಿಗೆ ಬೇಜಾರಾದೀತೆಂಬ ಹೆದರಿಕೆ ಹೆಚ್ಚಾಗಿತ್ತು. ಉಳಿದ ಇಬ್ಬರಿಗೆ ಹನ್ನೊಂದರ ಬಸ್ಸಿಗೆ ಹೊತ್ತಾಗುತ್ತಿತ್ತು.

ಡಾ. ಜಾಹೇದಾ ಅವರು ಸಾಯಬಣ್ಣನಿಗೆ ಬಾವಿಳಿಯಲು ಮಾತ್ರೆ ಕೊಟ್ಟು, ಇನ್ನೊಂದು ಸೂಜಿ ಹಾಕಲು ಈ ಕಚೇರಿಯ ಅನುಮತಿ ಕೋರಿದರು. ಸಾಯಬಣ್ಣನು ಮರಗಟ್ಟಿರುವುದಾಗಿ ಸರ್ಕಾರಿ ವೈದ್ಯರೆದುರು ಎರಡು ಸಲ ಒಪ್ಪಿಕೊಂಡಿರುವುದರಿಂದ, ಆಮೇಲೆ ಆದ ನೋವು ಆಗಿಲ್ಲವೆಂದೂ, ಆಗದ ನೋವಿಗೆ ಎರಡನೇ ಸೂಜಿ ಮಂಜೂರು ಮಾಡಲು ಅವಕಾಶವಿಲ್ಲವೆಂದೂ ದಿನಾಂಕ 17ರಂದು ತಿಳಿಸಲಾಯಿತು. ಹರಾಜಿಗೆ ಆಗ ಎಂಟು ದಿನ ಉಳಿದಿತ್ತು.

ಇದಾದ ಮೇಲೆ ಸದರಿ ವೈದ್ಯೆಯು ಈ ಕೆಳಕಂಡ ಅತಿಕ್ರಮಗಳನ್ನು ಎಸಗಿರುತ್ತಾರೆ. ಘಟಕದ ಫ್ರಿಜ್ಜಿನಲ್ಲಿ 1990ರಿಂದ ನೌಕರರ ಸೇವಾ ಪುಸ್ತಕಗಳನ್ನು ಇಡಲಾಗಿದೆ. ಆ ವರ್ಷ ಗೆದ್ದಲು ಒಬ್ಬ ನೌಕರರ ಹುಟ್ಟಿದ ದಿನಾಂಕವನ್ನು ತಿಂದುದರಿಂದ ಅವರು ಇನ್ನೂ ನಿವೃತ್ತರಾಗಿಲ್ಲ. ಫ್ರಿಜ್ಜಿನಲ್ಲಿ ಜಾಗವಿಲ್ಲದ ಕಾರಣ ಸೂಜಿಮದ್ದಿನ ಸೀಸೆಗಳನ್ನು ತಗಡಿನ ಮಾಡಿನ ಕೆಳಗೆ, ಪಶ್ಚಿಮದ ಕಿಟಕಿಯ ಪಕ್ಕದ ಕಬ್ಬಿಣದ ಬೀರುವಿನಲ್ಲಿ ಇಡಲಾಗಿದ್ದು, ಈ ವ್ಯವಸ್ಥೆ ಮೂರು ವರ್ಷಗಳಿಂದ ಯಾವ ಆಕ್ಷೇಪಣೆಯೂ ಇಲ್ಲದೆ ನಡೆದಿತ್ತು. ದಿನಾಂಕ 21ರಂದು ವೈದ್ಯೆಯು ಸೇವಾ ಪುಸ್ತಕಗಳನ್ನು ಬೀರುವಿಗೆ ವರ್ಗಾಯಿಸಿ, ತಾವೇ ಗುಲಬರ್ಗಾಕ್ಕೆ ಬಂದು, ಹೊಸ ಸೀಸೆಗಳನ್ನು ಥರ್ಮಾಸಿನಲ್ಲಿ ಬರ್ಫದ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗಿದ್ದಾರೆ. ದಿನಾಂಕ 22ರ ಬೆಳಿಗ್ಗೆ ನಡೆದುದನ್ನು ಮತ್ತೆ ಅಂಬಮ್ಮನ ಮಾತಿನಲ್ಲೇ ದಾಖಲಿಸಿದೆ:

“‘ಕಾಕಾ, ಇವತ್ತ ಮರ್ಯಾದಿ ಚಪ್ಪಲ್ ಜೋಡಿ ಹೊರಗ ಬಿಟ್ಟು ಬರ್ರಿ. ಆಗಿಲ್ಲಂದ್ರ ಆಗಿಲ್ಲ ಅನ್ರಿ, ನನಗೇನ್ ಸಿಟ್ಟ ಬರಂಗಿಲ್ಲ’ ಅಂದ್ರು. ಸೂಜಿ ಮಾಡಿ ಬಾಜೂಕ ಕುಂತ್ರು. ಐದ ಮಿನಿಟಿಗಿ ಕೇಳಿದ್ರು. ಪಾಪ, ಬೆವತು ನೀರಾಗಿದ್ದ. ಹೂಂ ಅನ್ನಾಕ ಬಾಯಿ ತೆಗದ. ಬಾಯಿಯವರು ಕಣ್ಣಾಗ ಕಣ್ಣಿಟ್ಟು ನೋಡಿದ್ರು. ‘ತಪ್ಪ ತಿಳಕೋಬ್ಯಾಡ್ರಿ ಬಾಯಿಯವರ… ಇಲ್ಲರಿ. ಇನ್ನಾ ಆಗಿಲ್ಲರಿ’ ಅಂದ. ಹೆಣ್ಣ ಕೇಳಾಕ ಬಂದವರಿಗಿ ಇಲ್ಲ ಅಂದವರಂಗ ತಲಿ ಕೆಳಗ ಹಾಕಿಬಿಟ್ಟ. ಬಾಯಿಯವರು ‘ಶಾಬಾಸ್ ಕಾಕಾ!’ ಅಂದ್ರು. ಮತ್ತ ಜರಾ ಸೂಜಿ ಮಾಡಿದ್ರು, ಮತ್ತ ಕುಂತ್ರು. ಆಮ್ಯಾಲ ವಸಡಿಗಿ ಚುಚ್ಚಿ ಚುಚ್ಚಿ ನೋಡಿದ್ರು. ಒಂದ ಘಳಿಗಿ ಆದಮ್ಯಾಲ ಇವನೇ ‘ಯಾವಾಗ ಕೀಳ್ತೀರಿ ಬಾಯಿಯವರ?’ ಅಂದ. ಅಷ್ಟೊತ್ತಿಗಾಗ್ಲೇ ಬಟ್ಟಲದಾಗ ಹಲ್ಲು ಬಿದ್ದಿತ್ರಿ.”

ಹೀಗೆ, ಇಲಾಖೆಯ ಪೂರ್ವಾನುಮತಿಯಿಲ್ಲದೆ, ಕಮಲಾಪುರದಲ್ಲಿ ಒಬ್ಬ ರೋಗಿಗೆ ನೋವಾಗಿಲ್ಲ. ಇಂತಹ ಘಟನೆಗಳು ಮರುಕಳಿಸದಂತೆ ತಡೆಯುವ ಸಲುವಾಗಿ ಎಲ್ಲ ಘಟಕಗಳಿಗೆ ಈ ಮೂಲಕ ಸೂಚಿಸಲಾಗಿದೆ:

1. ಕೀವಿನ ಬಗ್ಗೆ. ಹಲ್ಲಿನ ಬುಡದಲ್ಲಿ ಕೀವಿದ್ದರೆ ಸುತ್ತಲಿನ ಮಾಂಸ ಆಮ್ಲೀಯವಾಗುತ್ತದೆ, ಆಗ ಮದ್ದಿನ ಬಹುಪಾಲು ನರದೊಳಕ್ಕೆ ಇಳಿಯದೆ ಹೊರಗೇ ಉಳಿಯುತ್ತದೆ ಎಂದು ವೈದ್ಯೆ ವಿವರಿಸಿದ್ದಾರೆ. ಮದ್ದು ಸರ್ಕಾರದ್ದು, ಹೊರಗೆ ನಿಲ್ಲಿಸುವುದು ಅಗೌರವ. ಆದ್ದರಿಂದ ಕೀವನ್ನು ಅನಧಿಕೃತ ಒತ್ತುವರಿಯೆಂದು ಘೋಷಿಸಲಾಗಿದ್ದು, ಏಳು ದಿನದೊಳಗೆ ಜಾಗ ಖಾಲಿ ಮಾಡುವಂತೆ ಅದಕ್ಕೆ ನೋಟಿಸು ಹೊರಡಿಸಿ ರೋಗಿಯ ಕೆನ್ನೆಗೆ ಅಂಟಿಸತಕ್ಕದ್ದು. ಕೆನ್ನೆ ಇಳಿದು ನೋಟಿಸು ಉದುರಿದಲ್ಲಿ ಜಾರಿಯಾಯಿತೆಂದು ಭಾವಿಸತಕ್ಕದ್ದು.

2. ನರದ ಬಗ್ಗೆ. ಕೆಳದವಡೆಯ ನರ ಎಲುಬನ್ನು ಹೊಗುವ ಜಾಗ ಎಲ್ಲರಲ್ಲೂ ಒಂದೇ ಇರುವುದಿಲ್ಲ, ಒಂದು ಅಂಗುಲದ ಕಾಲುಭಾಗ ಆಚೀಚೆಯಾದರೂ ಸೂಜಿ ಗುರಿ ತಪ್ಪುತ್ತದೆ. ಕೆಲವರಲ್ಲಿ ಹೆಚ್ಚಿನ ನರದ ಕವಲು ಬೇರೆ ದಾರಿಯಿಂದ ಹಲ್ಲಿಗೆ ಬಂದಿರುತ್ತದೆ. ಆಗ ತುಟಿ ಮರಗಟ್ಟಿದರೂ ಹಲ್ಲು ಎಚ್ಚರವಿರುತ್ತದೆ ಎಂದೂ ತಿಳಿಸಿದ್ದಾರೆ. ಇಲಾಖೆ ಒದಗಿಸಿದ ಗೋಡೆಪಟದಲ್ಲಿ ತೋರಿಸಿದ ಜಾಗದಲ್ಲಿ ನರಗಳು ಕೆಲಸದ ವೇಳೆಯಲ್ಲಿ ಹಾಜರಿರತಕ್ಕದ್ದು. ಬೇರೆಡೆ ಇರಬಯಸುವ ನರಗಳು ಸಾರ್ವತ್ರಿಕ ವರ್ಗಾವಣೆಯ ಅವಧಿಯಲ್ಲಿ ಮೇಲಧಿಕಾರಿಗಳ ಮೂಲಕ, ಅಂದರೆ ಮಿದುಳಿನ ಮೂಲಕ, ಅರ್ಜಿ ಸಲ್ಲಿಸತಕ್ಕದ್ದು. ಹೆಚ್ಚಿನ ಕವಲುಗಳು ಮಂಜೂರಾಗದ ಹುದ್ದೆಗಳಾಗಿದ್ದು, ಅವು ಅನುಭವಿಸಿದ ನೋವನ್ನು ಸೇವೆಯೆಂದು ಪರಿಗಣಿಸಲಾಗುವುದಿಲ್ಲ.

3. ಕಾಯುವಿಕೆಯ ಬಗ್ಗೆ. ಸೂಜಿ ಹಾಕಿದ ಮೇಲೆ ಹತ್ತು-ಹದಿನೈದು ನಿಮಿಷ ಕಾಯದೆ ಇಕ್ಕಳ ಹಿಡಿಯುವುದೂ ನೋವಿಗೆ ಕಾರಣವೆನ್ನಲಾಗಿದೆ. ಕಮಲಾಪುರ ಘಟಕದ ಗಡಿಯಾರ 1988ರಿಂದ ಮೂರು ಇಪ್ಪತ್ತಕ್ಕೆ ನಿಂತಿದ್ದು, ಅದರ ಪ್ರಕಾರ ಇಲ್ಲಿಯವರೆಗೆ ಯಾವ ರೋಗಿಯೂ ಒಂದು ನಿಮಿಷವೂ ಕಾದಿಲ್ಲ. ಇನ್ನು ಮುಂದೆ ಸೂಜಿ ಹಾಕಿದ ಕೂಡಲೇ ವಿಭಾಗೀಯ ಕಚೇರಿಗೆ ಫೋನು ಮಾಡಿ ಸಮಯ ಕೇಳತಕ್ಕದ್ದು. ಲೈನು ಸಿಗಲು ಸರಾಸರಿ ನಲವತ್ತು ನಿಮಿಷ ಹಿಡಿಯುವುದರಿಂದ ಪ್ರತ್ಯೇಕವಾಗಿ ಕಾಯುವ ಅಗತ್ಯವಿಲ್ಲ.

4. ಶಾಖದ ಬಗ್ಗೆ. ಮದ್ದನ್ನು ಹಲ್ಲಿನ ಬಳಿಯೇ ಹಿಡಿದಿಡಲು ಬೆರೆಸಿರುವ ಇನ್ನೊಂದು ಮದ್ದು ಬಿಸಿಲಿಗೂ ಬೆಳಕಿಗೂ ಕೆಡುತ್ತದೆ, ನಲವತ್ತಮೂರು ಡಿಗ್ರಿಯಲ್ಲಿ ಬೀರುವಿನೊಳಗೆ ಬೇಯಿಸಿದ ಸೀಸೆಯ ಮೇಲೆ ಭರವಸೆ ಇಡಲಾಗದು ಎಂಬ ವೈದ್ಯೆಯ ಆಕ್ಷೇಪಣೆಯನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಬೀರುವಿನ ಬಾಗಿಲಿಗೆ ‘ತಂಪಾದ ಸ್ಥಳ’ ಎಂಬ ಫಲಕ ಮಂಜೂರು ಮಾಡಲಾಗಿದೆ. ಗೋಡೆಯ ಉಷ್ಣಮಾಪಕವು ಸಿಬ್ಬಂದಿಯಲ್ಲಿ ಸೆಕೆಯ ಭಾವನೆ ಹುಟ್ಟಿಸುತ್ತಿದ್ದು ಅದನ್ನು ತೆಗೆಯತಕ್ಕದ್ದು. ಸೇವಾ ಪುಸ್ತಕಗಳನ್ನು ಕೂಡಲೇ ಫ್ರಿಜ್ಜಿಗೆ ಮರಳಿಸತಕ್ಕದ್ದು. ಈ ಬಗ್ಗೆ ಅಧೀಕ್ಷಕರು ಖುದ್ದಾಗಿ ಹೋಗಿ ಫ್ರಿಜ್ಜಿನ ಕೀಲಿ ಕೇಳಲಾಗಿ, ವೈದ್ಯೆಯು, “ಕೀಲಿ ಎಲ್ಲೋ ಇಟ್ಟೀನ್ರಿ ಸಾಹೇಬ್ರ, ಹುಡುಕಿ ಕೊಡ್ತೀನಿ. ಈಗ ಸೂಜಿ ಮಾಡ್ಲಾಕತ್ತೀನಿ. ಬಂದೀರಂದ್ರ ನಿಮ್ಮ ಬಾಯೂ ಒಂದಿಷ್ಟ ತೆಗೀರಿ, ನೋಡ್ತೀನಿ” ಎಂದಿದ್ದಾರೆ. ಅಧೀಕ್ಷಕರು ಬಾಯಿ ಮುಚ್ಚಿಕೊಂಡು ಮುಂದಿನ ಬಸ್ಸಿಗೆ ಮರಳಿದ್ದಾರೆ.

5. ಹೆದರಿಕೆಯ ಬಗ್ಗೆ. ಹೆದರಿದ ರೋಗಿಗೆ ಸಣ್ಣ ಒತ್ತಡವೂ ನೋವಾಗಿ ಕಾಣುವುದರಿಂದ, ಹೆದರಿಕೆಯನ್ನು ಒಳಗೆ ತರುವುದನ್ನು ನಿಷೇಧಿಸಲಾಗಿದೆ. ಸೈಕಲ್ ಸ್ಟ್ಯಾಂಡಿನ ಮಾದರಿಯಲ್ಲಿ ಅದನ್ನು ಬಾಗಿಲಲ್ಲಿ ಒಪ್ಪಿಸಿ ತಗಡಿನ ಬಿಲ್ಲೆ ಪಡೆಯತಕ್ಕದ್ದು. ಒಬ್ಬರ ಬಿಲ್ಲೆಯ ಮೇಲೆ ಇನ್ನೊಬ್ಬರ ಹೆದರಿಕೆ ಕೊಡತಕ್ಕದ್ದಲ್ಲ. ಮೂರು ದಿನದೊಳಗೆ ಒಯ್ಯದ ಹೆದರಿಕೆಯನ್ನು ಸಿಬ್ಬಂದಿಗೆ ಸಮನಾಗಿ ಹಂಚಲಾಗುವುದು.

6. ಮರ್ಯಾದೆಯ ಬಗ್ಗೆ. ವೈದ್ಯರಿಗೆ ಬೇಜಾರಾಗದಿರಲೆಂದು “ಆಗ್ಯದ್ರಿ” ಎನ್ನುವುದನ್ನು ಸುಳ್ಳು ಘೋಷಣೆಯೆಂದು ಪರಿಗಣಿಸಲಾಗುವುದು. ವೈದ್ಯರಿಗೆ ಬೇಜಾರಾಗುವಂತೆ “ಆಗಿಲ್ಲರಿ” ಎನ್ನುವುದನ್ನು ಉದ್ಧಟತನವೆಂದು ಪರಿಗಣಿಸಲಾಗುವುದು. ಇವೆರಡನ್ನೂ ಬಿಟ್ಟು ರೋಗಿಯು ತನ್ನ ಸ್ಥಿತಿಯನ್ನು ನಮೂನೆ 7-ಬ ರಲ್ಲಿ ಮೂರು ಪ್ರತಿಗಳಲ್ಲಿ ತುಂಬಿ, ತುಟಿಯ ದಪ್ಪವನ್ನು ಪತ್ರಾಂಕಿತ ಅಧಿಕಾರಿಯೊಬ್ಬರಿಂದ ದೃಢೀಕರಿಸಿಕೊಂಡು ಬರತಕ್ಕದ್ದು. ಕಮಲಾಪುರದಲ್ಲಿ ಹತ್ತಿರದ ಪತ್ರಾಂಕಿತ ಅಧಿಕಾರಿ ಪಶುವೈದ್ಯರಾಗಿದ್ದು, ಬಾಯಿ ತೆರೆಸಿ ನೋಡುವುದರಲ್ಲಿ ಅವರಿಗೆ ಹೆಚ್ಚಿನ ಅನುಭವವಿದೆ. ಅಲ್ಲಿ ಸರದಿ ತಪ್ಪಿಸತಕ್ಕದ್ದಲ್ಲ. ಎಮ್ಮೆಗಳು ಬೆಳಿಗ್ಗೆಯೇ ಬಂದಿರುತ್ತವೆ.

7. ಕೂಗಿನ ಬಗ್ಗೆ. ಕೂಗಲೇಬೇಕಾದಲ್ಲಿ “ಯಪ್ಪಾ” ಎಂದು ಒಂದು ಹಲ್ಲಿಗೆ ಎರಡು ಸಲ ಕೂಗಬಹುದು. “ಯವ್ವಾ” ಎನ್ನಲು ಸದರಿ ತಾಯಿಯವರ ಲಿಖಿತ ಒಪ್ಪಿಗೆ ಲಗತ್ತಿಸತಕ್ಕದ್ದು. ವೈದ್ಯರ, ಅವರ ಗುರುಗಳ ಅಥವಾ ಇಕ್ಕಳ ಪೂರೈಸಿದ ಸಂಸ್ಥೆಯ ಮನೆತನವನ್ನು ಕೂಗಿನಲ್ಲಿ ಸೇರಿಸತಕ್ಕದ್ದಲ್ಲ.

8. ಎರಡನೇ ಸೂಜಿಯ ಬಗ್ಗೆ. ಒಂದು ಹಲ್ಲಿಗೆ ಒಂದು ಸೂಜಿ ಎಂಬ ನಿಯಮದಲ್ಲಿ ಸಡಿಲಿಕೆ ಇಲ್ಲ. ಸಾಯಬಣ್ಣನಿಗೆ ದಿನಾಂಕ 22ರಂದು ಹಾಕಿದ್ದನ್ನು, ಇನ್ನೂ ನೋಯದಿರುವ ಅವರ ಬಲಬದಿಯ ಎರಡು ಹಲ್ಲುಗಳ ಮುಂಗಡವೆಂದು ದಾಖಲಿಸಿಕೊಳ್ಳಲಾಗಿದೆ. ಸದರಿ ಹಲ್ಲುಗಳು ಈ ಆರ್ಥಿಕ ವರ್ಷಾಂತ್ಯದೊಳಗೆ ನೋಯತಕ್ಕದ್ದು.

9. ಕಿತ್ತ ಹಲ್ಲಿನ ಬಗ್ಗೆ. ನಿಯಮಬಾಹಿರವಾಗಿ ಹೊರಬಂದ ಹಲ್ಲನ್ನು ಯಥಾಸ್ಥಾನಕ್ಕೆ ಮರಳಿಸಿ, ಕ್ರಮಪ್ರಕಾರ, ನಿಗದಿತ ನೋವಿನೊಂದಿಗೆ ಮತ್ತೆ ಕೀಳಿಸಿಕೊಳ್ಳುವಂತೆ ಸಾಯಬಣ್ಣನಿಗೆ ದಿನಾಂಕ 24ರಂದು ನೋಟಿಸು ಹೊರಡಿಸಲಾಗಿತ್ತು. ಜವಾನ ವಿಠ್ಠಲ ಅದನ್ನು ದಿನಾಂಕ 25ರಂದು ಬೆಳಿಗ್ಗೆ ಹರಾಜಿನ ಕಟ್ಟೆಯ ಮೇಲೆಯೇ ಜಾರಿ ಮಾಡಿದ್ದಾರೆ. ಆ ಹೊತ್ತಿಗೆ ಸಾಯಬಣ್ಣ ಕೂಗಲು ನಿಂತು ಅರ್ಧ ತಾಸಾಗಿತ್ತು. ಮಲ್ಲಣ್ಣ ಕೆಳಗೆ ಗೊನೆ ಎತ್ತಿಕೊಡುತ್ತಿದ್ದರು. ವಿಠ್ಠಲ ಅವರ ವರದಿ:

“ನೋಟಿಸ ಕೊಟ್ಟೆರಿ. ತಿರುವಿ ಮುರುವಿ ನೋಡಿದ. ಸಹಿ ಮಾಡು ಅಂದೆ. ಕಟ್ಟಿ ಮ್ಯಾಲ ಎತ್ತಿ ಹಿಡದು ಹೊಡದ ನೋಡ್ರಿ ದನಿ: ‘ಸರಕಾರಿ ಕಾಗದಾ! ಕಲಬುರ್ಗಿಯಿಂದ ತಾಜಾ ಬಂದದಾ! ಮ್ಯಾಲ ದುಂಡನ ಮೊಹರಾ! ಹಲ್ಲಿದ್ದವರು ಕೂಗ್ರೀ! ಒಂದ ಸರ್ತೀ… ಎರಡ ಸರ್ತೀ…’ ನಾ ಬ್ಯಾಡೋ ಬ್ಯಾಡೋ ಅನ್ನೂದ್ರಾಗ ಹಣ್ಣಿನಂಗಡಿ ಫಕ್ರುದ್ದೀನ್ ಸಾಬ್ರು ಬೆರಳ ಎತ್ತಿದ್ರು. ‘ಕಾಗದ ದಪ್ಪ ಅದ ಭಾಯ್, ಗೊನಿ ಜೋಡಿ ಹಾಕಿಬಿಡು’ ಅಂದ್ರು. ‘ಮೂರ ಸರ್ತೀ!’ ಅಂದ. ಬಸ್ ಸ್ಟ್ಯಾಂಡಿನಾಗ ನಿಂತ ಬಸ್ಸಿನ ಡ್ರೈವರ್ ಇ‍ಳದು ನೋಡ್ಲಾಕ ಬಂದನ್ರಿ. ಸಂಘದವರು ಅಲ್ಲೇ ಇದ್ರು. ‘ಮಲ್ಲಣ್ಣಾ, ನೀ ಗೊನಿ ಎತ್ತೂದು ಛಲೋ ಎತ್ತತೀಪಾ’ ಅಂದ್ರು.”

ಹರಾಜು ವಿಧಿವತ್ತಾಗಿ, ಮೂರು ಸಲ ಕೂಗಿ, ಸಾಕ್ಷಿಗಳೆದುರು ಮುಗಿದಿರುವುದರಿಂದ ಸದರಿ ನೋಟಿಸು ಈಗ ಇಲಾಖೆಯ ಸ್ವತ್ತಾಗಿ ಉಳಿದಿಲ್ಲವೆಂದು ಅಭಿಪ್ರಾಯಪಡಲಾಗಿದೆ. ಅದರಲ್ಲಿನ ಆದೇಶವನ್ನು ಜಾರಿಗೊಳಿಸುವ ಅಧಿಕಾರವೂ ಕೊಂಡವರಿಗೇ ಹೋಗಿದ್ದು, ಅವರು ಸಾಯಬಣ್ಣನ ಹಲ್ಲನ್ನು ಮರಳಿ ಕೂರಿಸುವ ಇಚ್ಛೆ ತಮಗಿಲ್ಲವೆಂದು ತಿಳಿಸಿದ್ದಾರೆ. ಆದ್ದರಿಂದ ಸಾಯಬಣ್ಣನ ಕಡತವನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ. ಪ್ರಸ್ತುತ ಸುತ್ತೋಲೆಯನ್ನು ಸ್ವೀಕರಿಸುವವರು ಇದನ್ನು ಹರಾಜಿಗೆ ಇಡತಕ್ಕದ್ದಲ್ಲ.

(ಸಹಿ)
ಮುಕುಂದರಾವ
ವಿಭಾಗೀಯ ಅಧಿಕಾರಿ
(ಮೊಹರು ಅಸ್ಪಷ್ಟ)

ಪ್ರತಿಗಳು:
1. ಎಲ್ಲ ಘಟಕಗಳ ಮುಖ್ಯಸ್ಥರಿಗೆ, ಪಾಲನೆಗಾಗಿ.
2. ಡಾ. ಜಾಹೇದಾ, ಕಮಲಾಪುರ ಘಟಕ: ಇವರ ವಿರುದ್ಧದ ಶಿಸ್ತು ಕ್ರಮಕ್ಕೆ ಸೇವಾ ಪುಸ್ತಕ ಅಗತ್ಯವಿದೆ. ಬೀರುವಿನಲ್ಲಿ ಆರು ದಿನಗಳಲ್ಲೇ ಗೆದ್ದಲು ಹಿಡಿದಿರುವುದಾಗಿ ತಿಳಿದುಬಂದಿದ್ದು, ತಿನ್ನದೆ ಉಳಿದ ಪುಟಗಳನ್ನು ಕಳುಹಿಸುವುದು.
3. ಪಶುವೈದ್ಯರು, ಕಮಲಾಪುರ, ಮಾಹಿತಿಗಾಗಿ.
4. ಎಡಬದಿಯ ಕೆಳದವಡೆಯ ಹಲ್ಲು, ಕೇರಾಫ್ ಹಿಂಡಾಲಿಯಮ್ ಬಟ್ಟಲು, ಕಮಲಾಪುರ ಘಟಕ. ಖುದ್ದು ಹಾಜರಿಗೆ ವಿನಾಯಿತಿ ನೀಡಲಾಗಿದೆ.
5. ಶ್ರೀ ಫಕ್ರುದ್ದೀನ್, ಹಣ್ಣಿನ ವ್ಯಾಪಾರಿಗಳು, ಈ ಕಚೇರಿಯ ಕೆಳಗಿನ ಮಳಿಗೆ: ದಿನಾಂಕ 24ರ ನೋಟಿಸಿನ ಕಚೇರಿ ಪ್ರತಿ ತೆಗೆದಿರಿಸದ ಕಾರಣ, ಅದರಲ್ಲಿ ಬಾಳೆಹಣ್ಣು ಕಟ್ಟಿ ಕೊಡುವ ಮುನ್ನ ಒಮ್ಮೆ ಮೇಲಕ್ಕೆ ತಂದು ತೋರಿಸಬೇಕೆಂಬ ಕೋರಿಕೆಯೊಂದಿಗೆ. ಜೊತೆಗೆ ತರುವ ಹಣ್ಣು ಆರು ಸಾಕು.